ಟ್ರಂಕಿನ ಮೇಲೆ ಕೂತ ತಮ್ಮ

ನಮ್ಮ ಮನೆಯ ಸೋಫಾ ಎಂದರೆ ಎರಡು ಕಪ್ಪು ಟ್ರಂಕುಗಳು. ಅವನ್ನು ಗೋಡೆಗೆ ಒತ್ತಿ ಜೋಡಿಸಿ, ಮೇಲೆ ಹಾಸಿಗೆ ಮಡಚಿಟ್ಟು, ಅಮ್ಮ ಕಸೂತಿ ಹಾಕಿದ ಹೊದಿಕೆಯೊಂದನ್ನು ಹೊದಿಸಿಬಿಟ್ಟರೆ ಬಂದವರು ‘ದಿವಾನ್ ಚೆನ್ನಾಗಿದೆ’ ಎನ್ನುತ್ತಿದ್ದರು. ಹೊದಿಕೆಯ ಅಂಚು ಎತ್ತಿದರೆ ಬಿಳಿ ಬಣ್ಣದಲ್ಲಿ ಅಪ್ಪನ ನಂಬರು, ಹೆಸರು, ಅದರ ಕೆಳಗೆ ಊರು. ಪ್ರತಿ ವರ್ಗಾವಣೆಗೂ ಹಳೆಯ ಊರನ್ನು ಕಪ್ಪು ಬಣ್ಣದಿಂದ ಬಳಿದು, ಒಣಗಿದ ಮೇಲೆ ಹೊಸದನ್ನು ಬರೆಯುವುದು ಸೈನ್ಯದ ಸಂಸಾರಗಳ ಪದ್ಧತಿ. ಬೆರಳಾಡಿಸಿದರೆ ಕೆಳಗೆ ಮುಚ್ಚಿಹೋದ ಊರುಗಳು ಉಬ್ಬುಬ್ಬಾಗಿ ಕೈಗೆ ಸಿಗುತ್ತಿದ್ದವು. ಮಂಚ, ಮೇಜು, ಕುರ್ಚಿ, ಕೊನೆಗೆ ಸ್ನಾನದ ಮನೆಯ ಮಣೆ ಕೂಡ ಸರ್ಕಾರದವು. ಬಿಟ್ಟು ಹೋಗುವ ದಿನ ಒಬ್ಬ ಬಂದು ಅವನ್ನೆಲ್ಲ ಎಣಿಸಿಕೊಂಡು, ಗೋಡೆ ನೆಲ ಪರೀಕ್ಷಿಸಿ, ಮನೆಯನ್ನು ವಾಪಸು ಪಡೆಯುತ್ತಿದ್ದ. ಆ ದಿನದ ಮರ್ಯಾದೆಗಾಗಿಯೇ ಅಪ್ಪ ಗೋಡೆಗೆ ಒಂದು ಮೊಳೆ ಹೊಡೆಯಲು ಬಿಡುತ್ತಿರಲಿಲ್ಲ. ಬೇರೆ ಮನೆಯವರು ಮೊಳೆ ಹೊಡೆದು, ಹೊರಡುವಾಗ ತೂತಿಗೆ ಬಿಳಿ ಸೋಪು ತುರುಕಿ ಮುಚ್ಚುತ್ತಿದ್ದರು. ಅಪ್ಪನ ಪ್ರಕಾರ ಅದು ಮೋಸ. ನಮ್ಮ ಕ್ಯಾಲೆಂಡರು ಕಿಟಕಿಯ ಸರಳಿಗೆ ದಾರದಲ್ಲಿ ನೇತಾಡುತ್ತಿತ್ತು. ಗಾಳಿ ಬಂದಾಗಲೆಲ್ಲ ತಿಂಗಳು ಹಾರಿ ಅಮ್ಮನ ಒಗ್ಗರಣೆಯ ಮೇಲೆ ಬೀಳುತ್ತಿತ್ತು.

ಬೆಂಗಳೂರಿನ ಹಲಸೂರು ಕೆರೆಯ ಹಿಂಬದಿಯಲ್ಲಿ ಒಂದೇ ಅಚ್ಚಿನ ಕ್ವಾರ್ಟರ್ಸುಗಳ ಸಾಲು, ಅದರಲ್ಲೊಂದು ನಮ್ಮದು. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ನಲ್ಲಿ. ಅಪ್ಪ ಸುಬೇದಾರ್. ಅಮ್ಮ ಕೋಲಾರದ ಕಡೆಯವಳು. ಯಾವ ಊರಿಗೆ ಹಾಕಿದರೂ ರಾಗಿಹಿಟ್ಟಿನ ಡಬ್ಬವೊಂದನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ರೈಲು ಹತ್ತುತ್ತಿದ್ದಳು. ನಾನು ಏಳನೆಯ ತರಗತಿ. ತಮ್ಮ ಗೋಪಿಗೆ ಆರು ವರ್ಷ. ಗೋಡೆಯಾಚೆ ಸೆಲ್ವಿಯಕ್ಕ, ಅವರ ಗಂಡ ಆರುಮುಗಂ. ಅವರೂ ಸೈನ್ಯದವರೇ, ಅಪ್ಪನ ಕೈಕೆಳಗಿನವರು.

ಭಾನುವಾರ ಉಪ್ಪಿಟ್ಟಾದ ಮೇಲೆ ಅಪ್ಪ ನಮ್ಮನ್ನೆಲ್ಲ ಟ್ರಂಕಿನ ಮೇಲೆ ಕೂರಿಸಿ ತಾನು ಎದುರು ನಿಂತು ‘ದರ್ಬಾರು’ ನಡೆಸುತ್ತಿದ್ದ. ದಂಡಿನಲ್ಲಿ ಅಧಿಕಾರಿ ಜವಾನರನ್ನು ಕೂರಿಸಿಕೊಂಡು ಆದೇಶ ಹೇಳುವ ಸಭೆಗೆ ಆ ಹೆಸರು. ಕೊನೆಗೆ ‘ಕೋಯಿ ಶಕ್?’ ಎಂದು ಕೇಳುತ್ತಾರೆ, ಯಾರಿಗಾದರೂ ಅನುಮಾನ ಇದೆಯೇ ಎಂದು. ಕೇಳುವುದು ಹೌದು, ಆದರೆ ಅದು ಪ್ರಶ್ನೆಯಲ್ಲ, ಪೂರ್ಣವಿರಾಮ. ನಮ್ಮ ಮನೆಯಲ್ಲೂ ಅಷ್ಟೇ. ಯಾರು ಯಾವಾಗ ಸ್ನಾನ ಮಾಡಬೇಕು, ಬದನೆಕಾಯಿಯನ್ನು ತಟ್ಟೆಯ ಅಂಚಿಗೆ ಸರಿಸಿದರೆ ಏನಾಗುತ್ತದೆ ಎಂಬುದನ್ನೆಲ್ಲ ಗಂಭೀರವಾಗಿ ಘೋಷಿಸಿ ಅಪ್ಪ ‘ಕೋಯಿ ಶಕ್?’ ಎನ್ನುತ್ತಿದ್ದ. ನಾವು ‘ನಹೀಂ ಸಾಬ್’ ಎನ್ನಬೇಕು. ಅಮ್ಮನೂ ಸೆರಗಿನಲ್ಲಿ ನಗು ಮುಚ್ಚಿಕೊಂಡು ‘ನಹೀಂ ಸಾಬ್’ ಎನ್ನುತ್ತಿದ್ದಳು. ಆಮೇಲೆ ಅಡುಗೆಮನೆಗೆ ಹೋಗಿ ತನಗೆ ಬೇಕಾದಂತೆಯೇ ಮಾಡುತ್ತಿದ್ದಳು ಎಂಬುದು ಬೇರೆ ಮಾತು.

ಗೋಪಿಯ ವಿಷಯ ಇಲ್ಲೇ ಹೇಳಿಬಿಡಬೇಕು. ಇದಕ್ಕೆ ಮೊದಲು ನಾವು ಅಂಬಾಲಾದಲ್ಲಿದ್ದೆವು. ಅಲ್ಲಿಂದ ಹೊರಟ ದಿನ ಅವನಿಗೆ ‘ಬಜಾರಿಗೆ ಹೋಗಿ ಬರೋಣ’ ಎಂದು ಹೇಳಿ ರೈಲು ಹತ್ತಿಸಲಾಯಿತು. ಅಳುತ್ತಾನೆ, ರಂಪ ಮಾಡುತ್ತಾನೆ, ಯಾಕೆ ಬೇಕು ಎಂದು. ಅವನು ಅಳಲಿಲ್ಲ. ಡೆಲ್ಲಿಯವರೆಗೂ ‘ಬಜಾರು ಬಂತಾ?’ ಎಂದು ಕೇಳುತ್ತಿದ್ದ. ಆಮೇಲೆ ‘ಮನೆಗೆ ಯಾವಾಗ?’ ಎಂದು ಕೇಳಿದ. ಆಮೇಲೆ ಏನೂ ಕೇಳಲಿಲ್ಲ. ಹಲಸೂರಿಗೆ ಬಂದು ತಿಂಗಳುಗಳೇ ಕಳೆದರೂ ಮಾತಿಲ್ಲ. ಬೆರಳು ತೋರಿಸುವುದು, ತಲೆ ಆಡಿಸುವುದು, ಅಷ್ಟೇ. ಕಮ್ಮನಹಳ್ಳಿಯಲ್ಲಿ ಯಾರೋ ತಾಯಿತ ಕಟ್ಟುತ್ತಾರೆಂದು ಸೆಲ್ವಿಯಕ್ಕ ಅಮ್ಮನನ್ನು ಕರೆದೊಯ್ದರು. ಮಿಲಿಟರಿ ಡಾಕ್ಟರು ನಾಲಿಗೆ ಎಳೆದು ನೋಡಿ ‘ಸರಿಯಾಗಿಯೇ ಇದೆ’ ಎಂದರು. ನಾಲಿಗೆ ಸರಿಯಾಗಿದೆ ಎಂದು ನಮಗೂ ಗೊತ್ತಿತ್ತು.

ಅವನು ಮತ್ತೆ ಬಾಯಿ ಬಿಟ್ಟದ್ದು ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ. ಬಾಳೆಹಣ್ಣಿನ ಭಾಯಿಯೊಬ್ಬರು ಅಮ್ಮನ ಬುಟ್ಟಿಗೆ ಕೇಳದೆಯೇ ಇನ್ನೊಂದು ಚಿಪ್ಪು ಹಾಕಲು ಬಂದರು. ಕೆಳಗಿನಿಂದ ಗಟ್ಟಿಯಾಗಿ ಒಂದು ದನಿ.

“ನಕ್ಕೋ!”

ಬೇಡ ಎಂದು. ಶಿವಾಜಿನಗರದ ಗಿರಾಕಿಗಳು ದಿನಕ್ಕೆ ಸಾವಿರ ಸಲ ಹೇಳುವ ಮಾತು. ಅಮ್ಮ ಬುಟ್ಟಿ ಕೆಳಗಿಟ್ಟು ಅಲ್ಲೇ ಮೀನಿನ ನೀರು ಹರಿಯುವ ಕಲ್ಲಿನ ಮೇಲೆ ಕೂತು ಅತ್ತಳು. ಭಾಯಿ ಗಾಬರಿಯಾಗಿ, ‘ಅಯ್ಯೋ, ನಕ್ಕೋ ಅಂದ್ರೆ ಬಿಡಿಯಮ್ಮಾ, ಅಳೋದ್ಯಾಕೆ?’ ಎಂದರು. ಆಮೇಲೆ ಗೋಪಿಯ ಮಾತು ಕನ್ನಡ, ತಮಿಳು, ದಖ್ನಿ ಉರ್ದು ಮೂರನ್ನೂ ಒಂದೇ ಬಾಣಲೆಗೆ ಸುರಿದ ಹಾಗೆ ಬಂತು. ಆದರೆ ಒಂದು ಅಭ್ಯಾಸ ಅವನನ್ನು ಬಿಡಲಿಲ್ಲ. ಮನೆಯಲ್ಲಿದ್ದಾಗ ಟ್ರಂಕಿನ ಮೇಲೆಯೇ ಕೂರುವನು. ಊಟ, ಓದು, ಆಟ ಎಲ್ಲ ಅಲ್ಲೇ. ಹೊರಗೆ ಹೋಗಬೇಕಾದರೆ ಹೊದಿಕೆಯ ಮೂಲೆಯಲ್ಲಿ ತನ್ನ ಹಸಿರು ಗೋಲಿ ಇಟ್ಟು ಹೋಗುವನು. ಬಂದ ಕೂಡಲೇ, ಚಪ್ಪಲಿ ಬಿಡುವ ಮೊದಲೇ, ಅದು ಅಲ್ಲಿದೆಯೇ ಎಂದು ನೋಡುವನು. ಗೋಲಿ ಇದ್ದರೆ ಮನೆ ಇದೆ. ಇದನ್ನು ಅವನು ಯಾರಿಗೂ ವಿವರಿಸಿರಲಿಲ್ಲ. ನನಗೆ ವಿವರಣೆ ಬೇಕಾಗಿರಲಿಲ್ಲ.

ನನ್ನ ಶಾಲೆಯಲ್ಲಿ ಆ ವರ್ಷ ಚರ್ಚಾಕೂಟ ಶುರುವಾಗಿತ್ತು. ಇಂಗ್ಲಿಷ್ ಮಿಸ್ ಪರವೋ ವಿರೋಧವೋ ಎಂದು ಚೀಟಿ ಎತ್ತಿಸುತ್ತಿದ್ದರು. ನಮಗೆ ಒಪ್ಪಿಗೆಯಿಲ್ಲದ ಪಕ್ಷ ಬಂದರೆ ಇನ್ನೂ ಒಳ್ಳೆಯದು ಎನ್ನುತ್ತಿದ್ದರು. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಬಲ್ಲವನಿಗೆ ಮಾತ್ರ ಅದನ್ನು ಮುರಿಯುವ ಹಕ್ಕು ಎಂಬುದು ಅವರ ನಿಯಮ. ನನಗೆ ಅದು ಹುಚ್ಚು ಹಿಡಿಸಿತು. ಸ್ನಾನಕ್ಕೆ ಬಿಸಿನೀರು ಬೇಕೇ ಬೇಡವೇ ಎಂಬುದಕ್ಕೂ ನಾನು ಎರಡೂ ಪಕ್ಷ ವಹಿಸಿ ಮಾತಾಡುತ್ತಿದ್ದೆ. ಅಪ್ಪ ನನಗೆ ‘ವಕೀಲಮ್ಮ’ ಎಂದು ಹೆಸರಿಟ್ಟ. ಹೊಗಳಿಕೆಯೋ ಬೈಗುಳವೋ ಎಂಬುದು ಆಯಾ ದಿನದ ಹವೆಯನ್ನು ಅವಲಂಬಿಸಿತ್ತು.

ಒಂದು ಭಾನುವಾರ ಗೋಪಿಯನ್ನು ಸೆಲ್ವಿಯಕ್ಕನ ಮನೆಗೆ ಕೋಳಿಮರಿ ನೋಡಲು ಕಳಿಸಿ, ಅಪ್ಪ ನನ್ನನ್ನೂ ಅಮ್ಮನನ್ನೂ ಮಾತ್ರ ಟ್ರಂಕಿನ ಮೇಲೆ ಕೂರಿಸಿದ. ಅಮ್ಮನ ಕಣ್ಣು ಆಗಲೇ ಕೆಂಪಾಗಿತ್ತು. ಝಾನ್ಸಿಗೆ ವರ್ಗವಾಗಿದೆ, ಬರುವ ಶನಿವಾರ ಮಧ್ಯಾಹ್ನ ಕಂಟೋನ್ಮೆಂಟ್ ಸ್ಟೇಷನ್ನಿನಿಂದ ರೈಲು ಎಂದ. ಗೋಪಿಗೆ ತಿಳಿಯಕೂಡದು. ಸಾಮಾನನ್ನು ಸ್ವಲ್ಪಸ್ವಲ್ಪವಾಗಿ ಸೆಲ್ವಿಯಕ್ಕನ ಮನೆಗೆ ಸಾಗಿಸಿ ಅಲ್ಲಿ ಕಟ್ಟುವುದು. ಟ್ರಂಕುಗಳನ್ನು ಕೊನೆಯವರೆಗೂ ಮುಟ್ಟುವ ಹಾಗಿಲ್ಲ. ಶನಿವಾರ ಬೆಳಿಗ್ಗೆ ನಾನು ಅವನನ್ನು ರಸೆಲ್ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಬೇಕು. ಆರುಮುಗಂ ಅಣ್ಣ ಜಟಕಾ ತಂದು ಮಾರ್ಕೆಟ್ಟಿನ ಗಡಿಯಾರದ ಕೆಳಗೆ ಕಾಯುತ್ತಾರೆ. ಅಲ್ಲಿಂದ ನೇರ ಸ್ಟೇಷನ್ನು.

“ಕೋಯಿ ಶಕ್?” ಎಂದ ಅಪ್ಪ.

“ಇದೆ,” ಎಂದೆ.

ಆ ಮನೆಯಲ್ಲಿ ಆ ಪ್ರಶ್ನೆಗೆ ಆ ಉತ್ತರ ಯಾವತ್ತೂ ಬಂದಿರಲಿಲ್ಲ. ಅಪ್ಪ ಮುಂದಿನ ವಾಕ್ಯಕ್ಕೆ ಬಾಯಿ ತೆರೆದವನು ಹಾಗೇ ನಿಂತ.

“ಏನಂದೆ?”

“ಶಕ್ ಇದೆ ಅಂದೆ. ಅಂಬಾಲಾದಲ್ಲೂ ಬಜಾರು ಅಂತಲೇ ಹೇಳಿದ್ವಿ. ಅವ್ನು ಮಾತು ಬಿಟ್ಟ. ಈಗ ಎಲ್ಲಿ ಮಾತು ಸಿಕ್ತೋ ಅಲ್ಲಿಗೇ ಕರ್ಕೊಂಡ್ಹೋಗಿ ಮತ್ತೆ ಅದೇ ಮಾಡ್ತೀವಾ?”

“ಇದು ನಿನ್ನ ಸ್ಕೂಲ್ ಡಿಬೇಟಲ್ಲ ವಕೀಲಮ್ಮಾ.”

“ಹಾಗಾದ್ರೆ ಶಕ್ ಇದೆಯಾ ಅಂತ ಕೇಳ್ಬೇಡಿ.”

ಹೊಡೆಯುತ್ತಾನೆ ಎಂದುಕೊಂಡೆ. ಅಷ್ಟರಲ್ಲಿ ಅಮ್ಮ ನನ್ನ ಮೊಣಕೈ ಹಿಡಿದಳು.

“ಇಂಜೆಕ್ಷನ್ ಕೊಡೋ ಡಾಕ್ಟ್ರು ಮಗೂಗೆ ಮೊದ್ಲೇ ಸೂಜಿ ತೋರಿಸ್ತಾರೇನೇ?”

“ಸೂಜಿ ತೋರ್ಸಲ್ಲ. ಆದ್ರೆ ಅವ್ರು ಡಾಕ್ಟ್ರು ಅಂತಾದ್ರೂ ಗೊತ್ತಿರತ್ತೆ. ನಾವು ಮಿಠಾಯಿ ಅಂಗ್ಡಿಯವ್ರ ವೇಷದಲ್ಲಿ ಹೋಗಿ ಚುಚ್ತೀವಿ.”

ನಾನು ಗೆದ್ದೆ ಎನ್ನಿಸಿತು. ಅಮ್ಮ ಸಾವಕಾಶವಾಗಿ ನನ್ನ ಕಾಲ ಕೆಳಗಿನ ಹಲಗೆಯನ್ನೇ ಎಳೆದಳು.

“ನಿನಗೆ ಹೇಳಿದ್ವಲ್ಲೇ. ಪೂನಾದಿಂದ ಹೊರಡೋವಾಗ ನೀನೂ ಇವನಷ್ಟೇ ಇದ್ದೆ. ಒಂದು ತಿಂಗಳು ಮುಂಚೇನೇ ಕೂರಿಸ್ಕೊಂಡು ಹೇಳಿದ್ವಿ. ತಿಂಗಳು ಪೂರ್ತಿ ಅನ್ನ ಮುಟ್ಟಲಿಲ್ಲ. ತಿಂದದ್ದೂ ವಾಂತಿ. ಜ್ವರದಲ್ಲೇ ಎತ್ಕೊಂಡು ರೈಲು ಹತ್ತಿದ್ದು ನಿನ್ನ. ಇನ್ನೊಂದು ಮಗೂನ ಹಾಗೆ ನೋಡಕ್ಕಾಗಲ್ಲ ಅಂತಾನೇ ಅವನಿಗೆ ಹೇಳ್ದೇ ಇದ್ದಿದ್ದು. ನಿನ್ನಿಂದ ಕಲಿತಿದ್ದು ಕಣೇ ಇದು.”

ವಾದದಲ್ಲಿ ಎದುರಾಳಿ ನಮ್ಮನ್ನೇ ಸಾಕ್ಷಿಯಾಗಿ ಕರೆದು ನಿಲ್ಲಿಸಿದರೆ ಏನು ಮಾಡಬೇಕೆಂದು ಮಿಸ್ ಹೇಳಿಕೊಟ್ಟಿರಲಿಲ್ಲ. ಪೂನಾ ನನಗೆ ನೆನಪಿತ್ತು, ವಾಂತಿ ನೆನಪಿರಲಿಲ್ಲ. ಕೊನೆಗೆ ಹೊಳೆದದ್ದು ಇಷ್ಟು:

“ನಾನು ಅತ್ತೆ. ಆದ್ರೆ ಅಮ್ಮಾ, ಯಾಕೆ ಅಳ್ತಾ ಇದೀನಿ ಅಂತ ನನಗೆ ಗೊತ್ತಿತ್ತು.”

“ಸಾಕು,” ಎಂದ ಅಪ್ಪ. “ಆರ್ಡರ್ ಅಂದ್ರೆ ಆರ್ಡರ್.” ದರ್ಬಾರು ಮುಗಿಯಿತು.

ಈಗ ಮಕ್ಕಳನ್ನು ಬದಲಾವಣೆಗೆ ‘ಸಿದ್ಧಗೊಳಿಸುವುದು’ ಹೇಗೆಂದು ಉಪದೇಶಿಸುವವರು ಬಹಳ ಇದ್ದಾರೆ. ಅವರ ಮಾತು ಕೇಳುವಾಗಲೆಲ್ಲ ನನಗೆ ಆ ವಾರ ನೆನಪಾಗುತ್ತದೆ. ಸಿದ್ಧತೆ ನಡೆದದ್ದೇನೋ ಹೌದು, ಆದರೆ ಅದು ಆರು ವರ್ಷದ ಹುಡುಗನ ಕಣ್ಣು ತಪ್ಪಿಸಲು ಮೂವರು ನಡೆಸಿದ ಕಾರ್ಯಾಚರಣೆ. ಅಮ್ಮ ಪಾತ್ರೆಗಳನ್ನು ಒಗೆಯುವ ಬಟ್ಟೆಯ ನಡುವೆ ಸುತ್ತಿ ಗೋಡೆಯಾಚೆ ಸಾಗಿಸಿದಳು. ಖಾಲಿ ಗೂಡುಗಳ ಮುಂದೆ ಪರದೆ ಎಳೆದಳು. ಒಂದು ಮನೆ ಗಂಟು ಕಟ್ಟಲು ಶುರುಮಾಡಿದರೆ ಅಕ್ಕಪಕ್ಕದವರು ಊಟ ಕಳಿಸುವುದು ನಮ್ಮ ಸಾಲಿನ ರೂಢಿ. ಒಲೆ ಕೂಡ ಸಾಮಾನಿನೊಳಗೆ ಹೋಗುತ್ತದಲ್ಲ. ಗುರುವಾರವೇ ಸೆಲ್ವಿಯಕ್ಕನ ಸಾಂಬಾರು ಬಂತು. ಗೋಪಿ ಟ್ರಂಕಿನ ಮೇಲೆ ಕೂತು ಒಂದು ತುತ್ತು ಬಾಯಿಗಿಟ್ಟು ನಿಲ್ಲಿಸಿದ.

“ಇದು ಸೆಲ್ವಿಯಕ್ಕನ ಸಾಂಬಾರು.”

“ಸ್ಟೋವು ಕೆಟ್ಟಿದೆ ಪುಟ್ಟಾ.”

“ಬಿಚ್ಚಿ ಸರಿ ಮಾಡಕ್ಕೆ ಅಪ್ಪಂಗೆ ಬರತ್ತಲ್ಲ?”

ಅಮ್ಮ ನೀರು ತರುವ ನೆಪದಲ್ಲಿ ಎದ್ದು ಹೋದಳು. ಅವನು ನನ್ನ ಮುಖ ನೋಡಿದ. ನಾನು ತಟ್ಟೆ ನೋಡಿದೆ. ಮರುದಿನ ಅವನು ಶಾಲೆಗೆ ಹೋಗುವುದಿಲ್ಲವೆಂದು ಹಟ ಹಿಡಿದು ಇಡೀ ದಿನ ಟ್ರಂಕು ಬಿಟ್ಟು ಇಳಿಯಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತು ಅವನನ್ನೇ ನೋಡಿದ. ಶತ್ರುವಿನ ಠಾಣೆಯನ್ನು ಅಳೆಯುವ ಹಾಗೆ ನೋಡಿದ ಎಂದು ಆಗ ಅನ್ನಿಸಿತ್ತು. ಈಗ ಅಷ್ಟು ಖಚಿತವಾಗಿ ಹೇಳಲಾರೆ.

ಶನಿವಾರ ಬೆಳಿಗ್ಗೆ ಗೋಪಿ ಇಳಿದದ್ದು ನನ್ನನ್ನು ನಂಬಿ. ‘ಮಾರ್ಕೆಟ್ಟಿಗೆ ಬರ್ತೀಯಾ?’ ಎಂದೆ, ಅದಕ್ಕಿಂತ ಒಂದು ಅಕ್ಷರ ಹೆಚ್ಚು ಹೇಳಲಿಲ್ಲ. ಅವನು ಗೋಲಿಯನ್ನು ಹೊದಿಕೆಯ ಮೂಲೆಯಲ್ಲಿಟ್ಟ, ಎರಡು ಹೆಜ್ಜೆ ಹೋದ, ಹಿಂದೆ ಬಂದು ಅದನ್ನು ಟ್ರಂಕಿನ ಬೀಗದ ನೇರಕ್ಕೆ ಸರಿಸಿದ. ಬಸ್ಸಿನಲ್ಲಿ ನನ್ನ ಕೈ ಬಿಡಲಿಲ್ಲ. ರಸೆಲ್ ಮಾರ್ಕೆಟ್ಟು ಎಂದಿನಂತೆಯೇ ಇತ್ತು: ಹೂವಿನವರ ಕೂಗು, ಮಾಂಸದಂಗಡಿಗಳ ಕಡೆಯ ಹಸಿವಾಸನೆ, ಕಾಲಿಗೆ ಅಂಟುವ ಎಲೆಕೋಸಿನ ಸಿಪ್ಪೆ. ಬಾಳೆಹಣ್ಣಿನ ಭಾಯಿ ದೂರದಿಂದಲೇ ‘ಓ ನಕ್ಕೋ ಸಾಬ್, ಆವೋ ಆವೋ’ ಎಂದು ಕರೆದು ಒಂದು ಹಣ್ಣು ಕೊಟ್ಟರು. ಅವನು ತೆಗೆದುಕೊಂಡ, ಸುಲಿಯಲಿಲ್ಲ.

“ಅಕ್ಕಾ, ಗೋಲಿ ಅಲ್ಲೇ ಇರತ್ತಾ?”

ಇದೇ ಆ ಕ್ಷಣ ಎಂದು ನನಗೆ ಗೊತ್ತಾಯಿತು. ಹೌದು ಎಂದರೆ ಅಪ್ಪನ ಆಜ್ಞೆ ನಡೆಯುತ್ತದೆ, ಅಮ್ಮನಿಗೆ ನೆಮ್ಮದಿ, ರೈಲು ತಪ್ಪುವುದಿಲ್ಲ. ಇಲ್ಲ ಎಂದರೆ ಅವನು ಇಲ್ಲೇ, ಈ ಬುಟ್ಟಿಗಳ ನಡುವೆ, ಮತ್ತೆ ಬಾಯಿ ಮುಚ್ಚಬಹುದು. ಆಗ ಅಮ್ಮನ ವಾದವೇ ಸರಿ, ತಪ್ಪು ನನ್ನದು.

“ಇರಲ್ಲ,” ಎಂದೆ. “ಟ್ರಂಕೂ ಅಲ್ಲಿರಲ್ಲ ಕಣೋ. ಅಪ್ಪಂಗೆ ಝಾನ್ಸಿಗಾಗಿದೆ. ಇವತ್ತೇ ಹೋಗ್ತಾ ಇದೀವಿ. ಎಲ್ರೂ, ಟ್ರಂಕೂ, ನೀನೂ.”

ಅವನು ಅಳಲಿಲ್ಲ. ಕೂಗಲಿಲ್ಲ. ‘ನಕ್ಕೋ’ ಎಂದಾದರೂ ಹೇಳಲಿ ಎಂದು ಕಾದೆ. ಹೇಳಲಿಲ್ಲ. ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡು ಹಣ್ಣನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ‘ಗೋಪಿ’ ಎಂದೆ. ‘ಏನಾದ್ರೂ ಮಾತಾಡೋ’ ಎಂದೆ. ತುಟಿ ಬಿಗಿದೇ ಇತ್ತು. ಗಡಿಯಾರದ ಕೆಳಗೆ ಜಟಕಾ ನಿಂತಿತ್ತು. ಆರುಮುಗಂ ಅಣ್ಣ ನಮ್ಮನ್ನು ನೋಡಿ ಬೀಡಿ ಎಸೆದರು.

“ಅಣ್ಣಾ, ಕ್ವಾರ್ಟರ್ಸಿಗೆ ಬಿಡಿ.”

“ಐಯ್ಯೋ, ಬೇಡ ಕಣ್ಣು. ನೇರ ಸ್ಟೇಷನ್ ಅಂತ ಆರ್ಡರು. ಸುಬೇದಾರ್ ಸಾಬ್ ನನ್ನ ಚರ್ಮ ಸುಲಿದು ಡ್ರಮ್ಮಿಗೆ ಹಾಕ್ತಾರೆ.”

“ಇವನಿಗೆ ಹೇಳಾಯ್ತು ಅಣ್ಣಾ. ಮಾತು ನಿಂತೋಗಿದೆ. ಮನೆ ಖಾಲಿ ಆಗಿರೋದನ್ನ ಅವನ ಕಣ್ಣಲ್ಲೇ ನೋಡ್ಲಿ. ಇಲ್ದಿದ್ರೆ ಝಾನ್ಸೀಲಿ ಕೂತ್ಕೊಂಡೂ ಅದು ಇಲ್ಲೇ ಇದೆ ಅಂತ್ಲೇ ಅಂದ್ಕೋತಾನೆ.”

ಆರುಮುಗಂ ಅಣ್ಣ ಗೋಪಿಯ ಗಲ್ಲ ಎತ್ತಿ ನೋಡಿದರು. ತಮಿಳಿನಲ್ಲಿ ಏನೋ ಗೊಣಗಿಕೊಂಡು ಜಟಕಾದವನಿಗೆ ಹಲಸೂರು ಎಂದರು. ಕೆರೆ ಕಂಡಾಗ ಗೋಪಿ ಕಣ್ಣು ಮುಚ್ಚಿಕೊಂಡ.

ಟ್ರಂಕುಗಳು ಹೊರಗೆ ಜಗಲಿಯ ಮೇಲಿದ್ದವು. ಬೆಂಗಳೂರು ಎಂಬ ಹೆಸರಿನ ಮೇಲೆ ಬಳಿದ ಕಪ್ಪು ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು. ಒಳಗೆ ಅಪ್ಪ ಪೂರ್ತಿ ಯೂನಿಫಾರ್ಮಿನಲ್ಲಿ ಅಟೆನ್ಷನ್ನಿನಲ್ಲಿ ನಿಂತಿದ್ದ. ಮನೆ ವಾಪಸು ಪಡೆಯಲು ಬಂದವರು, ಕನ್ನಡಕದ ಒಬ್ಬ ಗುಮಾಸ್ತರು, ಗೋಡೆಯನ್ನು ಅಂಗೈಯಿಂದ ಸವರುತ್ತಿದ್ದರು. ಸೋಪಿನ ತೂತು ಹುಡುಕುತ್ತಿದ್ದರೇನೋ. ನೆಲವನ್ನು ಅಮ್ಮ ಕನ್ನಡಿಯ ಹಾಗೆ ಒರೆಸಿದ್ದಳು. ನಮ್ಮನ್ನು ಕಂಡು ಅವಳ ಕೈ ಬಾಯಿಗೆ ಹೋಯಿತು. ಅಪ್ಪನ ಮುಖ ಕಲ್ಲಾಯಿತು. ಹೊರಗಿನವರ ಮುಂದೆ ಬೈಯುವ ಹಾಗಿಲ್ಲ; ಆದರೆ ಅವನ ಕಿವಿ ಕೆಂಪೇರಿದ್ದು ನನಗೆ ಕಾಣುತ್ತಿತ್ತು. ಗೋಪಿ ಮೊದಲು ಟ್ರಂಕಿನ ಬಳಿ ಹೋದ. ಬೀಗ ನೋಡಿದ. ಕೆಳಗೆ ಬಗ್ಗಿ ನೋಡಿದ. ಒಳಗೆ ಬಂದು, ಟ್ರಂಕುಗಳಿದ್ದ ಗೋಡೆಯ ಬುಡದಲ್ಲಿ, ಬಣ್ಣ ಮಾಸದೆ ಉಳಿದ ಉದ್ದನೆಯ ಚೌಕದ ಮುಂದೆ ನಿಂತ.

“ನಾನು ಹೇಳಿರಲಿಲ್ವಾ,” ಎಂದಳು ಅಮ್ಮ ಪಿಸುದನಿಯಲ್ಲಿ. “ನೋಡೇ ಅವನ ಮುಖಾನ.”

ನಾನು ನೋಡಿದೆ. ಅಂಬಾಲಾ ರೈಲಿನ ಮುಖ.

ಆಗ ಅಪ್ಪ ಜೇಬಿಗೆ ಕೈ ಹಾಕಿದ. ಎದೆಯ ಜೇಬು, ಬಟನ್ ಹಾಕಿ ಇಸ್ತ್ರಿ ಮಾಡಿದ್ದು. ಯಾವತ್ತೂ ಅದರಲ್ಲಿ ಏನೂ ಇಡುತ್ತಿರಲಿಲ್ಲ, ಉಬ್ಬುತ್ತದೆ ಎಂದು. ಅದರಿಂದ ಹಸಿರು ಗೋಲಿ ಬಂತು. ಗುಮಾಸ್ತರ ಎದುರೇ ಅವನು ನಾಲ್ಕು ಹೆಜ್ಜೆ ನಡೆದು ಬಂದು ಗೋಪಿಯ ಮುಂದೆ ನಿಂತ. ದರ್ಬಾರಿನ ದನಿಯಲ್ಲೇ ಹೇಳಿದ. ಬೇರೆ ದನಿ ಅವನಿಗೆ ಗೊತ್ತಿರಲಿಲ್ಲ.

“ನಾವು ಝಾನ್ಸಿಗೆ ಹೋಗ್ತಾ ಇದೀವಿ. ಮಧ್ಯಾಹ್ನ ರೈಲು. ಮದ್ರಾಸಲ್ಲಿ ಬದಲಾಯಿಸ್ಬೇಕು. ಈ ಮನೆಗೆ ವಾಪಸ್ ಬರಲ್ಲ. ಕೋಯಿ ಶಕ್?”

ಗೋಪಿ ಅಪ್ಪನ ಅಂಗೈಯಿಂದ ಗೋಲಿ ತೆಗೆದುಕೊಂಡು ಮುಷ್ಟಿಯಲ್ಲಿ ಹಿಡಿದ.

“ಇದೆ,” ಎಂದ ಗೋಪಿ.

ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಮಾರ್ಕೆಟ್ಟಿಗೆ ಯಾಕೆ ಕಳ್ಸಿದ್ರಿ?”

ಅಪ್ಪ ನನ್ನ ಕಡೆ ನೋಡಿದ, ಅಮ್ಮನ ಕಡೆ ನೋಡಿದ.

“ಮುಂದಿನ ಪ್ರಶ್ನೆ,” ಎಂದ.

ಚರ್ಚಾಕೂಟದಲ್ಲಿ ಇಂಥ ಉತ್ತರಕ್ಕೆ ಸೊನ್ನೆ. ನಾನೂ ಅಂದು ಸೊನ್ನೆಯನ್ನೇ ಕೊಟ್ಟೆ. ಆದರೆ ಗೋಪಿಯ ಬಳಿ ಮುಂದಿನ ಪ್ರಶ್ನೆ ನಿಜವಾಗಿಯೂ ಇತ್ತು.

“ಆ ಮನೇಲಿ ಟ್ರಂಕು ಎಲ್ಲಿಡ್ತೀವಿ?”

ಅಪ್ಪ ಯೂನಿಫಾರ್ಮಿನ ಮಂಡಿ ಮಡಚಿ ನೆಲಕ್ಕೆ ಕೂತ. ಟ್ರಂಕಿಗೆ ಅಕ್ಷರ ಬರೆಯುವ ಮೊದಲು ಗೆರೆ ಎಳೆಯಲು ತಂದಿದ್ದ ಸೀಮೆಸುಣ್ಣ ಕಿಟಕಿಯ ಮೇಲಿತ್ತು. ಅದನ್ನು ತೆಗೆದುಕೊಂಡು, ಅಮ್ಮ ಒರೆಸಿಟ್ಟ, ಇನ್ನೇನು ಪಾಸಾಗಬೇಕಿದ್ದ ಆ ನೆಲದ ಮೇಲೆ, ಸರ್ಕಾರದ ಮನೆಯಲ್ಲಿ ಒಂದು ಮೊಳೆಯ ಗುರುತು ಬಿಡದ ಮನುಷ್ಯ, ಉದ್ದಕ್ಕೆ ಒಂದು ಗೆರೆ ಎಳೆದ.

“ಇದು ಮುಂದಿನ ಬಾಗಿಲು ಇರಬಹುದು.” ಇನ್ನೊಂದು ಗೆರೆ. “ಇಲ್ಲಿ ಅಡಿಗೆಮನೆ... ಗೊತ್ತಿಲ್ಲ ಕಣೋ, ನಾನೂ ನೋಡಿಲ್ಲ. ಇಲ್ಲೊಂದು ಕಿಟಕಿ ಇರಬಹುದು.”

ಅಪ್ಪನ ಬಾಯಲ್ಲಿ ‘ಗೊತ್ತಿಲ್ಲ’ ಎಂಬುದನ್ನು ನಾನು ಕೇಳಿದ್ದು ಅದೇ ಮೊದಲು. ಗುಮಾಸ್ತರು ಕನ್ನಡಕ ತೆಗೆದು ಒರೆಸುತ್ತ ಹಿಂದಿನ ನಲ್ಲಿ ಪರೀಕ್ಷಿಸಲು ಹೋದರು. ಅದನ್ನು ಆಗಲೇ ಒಮ್ಮೆ ಪರೀಕ್ಷಿಸಿ ಆಗಿತ್ತು. ಗೋಪಿ ಅಪ್ಪನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ಕಿಟಕಿಯ ಕೆಳಗೆ ಒಂದು ಸೊಟ್ಟ ಚೌಕ ಬರೆದ. ಪಕ್ಕದಲ್ಲಿ ಇನ್ನೊಂದು. ಗೋಲಿಯನ್ನು ಮೊದಲನೆಯದರ ಮೂಲೆಯಲ್ಲಿಟ್ಟ. ಆಮೇಲೆ ಚಡ್ಡಿಗೆ ಸುಣ್ಣ ಮೆತ್ತಿಕೊಳ್ಳುತ್ತ ಎರಡನೆಯದರೊಳಗೆ ಚಕ್ಕಳಮಕ್ಕಳ ಹಾಕಿ ಕೂತು ಹಣ್ಣು ಸುಲಿಯತೊಡಗಿದ.

“ಏಳೋ ಪುಟ್ಟಾ, ರೈಲಿಗೆ ಹೊತ್ತಾಯ್ತು,” ಎಂದಳು ಅಮ್ಮ, ಮೂಗು ಒರೆಸಿಕೊಳ್ಳುತ್ತ.

“ಇರಮ್ಮ,” ಎಂದ ಅವನು, ಬಾಯಿತುಂಬ ಹಣ್ಣು. “ನಂಗಿನ್ನೂ ಶಕ್ ಇದೆ.”